ಬ್ರೌನ್ ಬಂದದ್ದು ಎಲ್ಲಿಂದ? ಹಿಂದೂ ಕಾಲೇಜಿನ ಚರ್ಚಾಕೂಟ ಮತ್ತು ಇಂಗ್ಲಿಷ್ ಪಾಠ

ಭಾರತದ ಇಂಗ್ಲಿಷ್ ಬೋಧನೆಯಲ್ಲಿ ಚರ್ಚೆಯ ಬಳಕೆ ಎಂಬ ವಿಷಯ ಬಂದಾಗ ಕಲ್ಕತ್ತೆಯ ಹಿಂದೂ ಕಾಲೇಜು, ಅಲ್ಲಿನ ಅಧ್ಯಾಪಕ ಹೆನ್ರಿ ಡೆರೋಜಿಯೊ ಮತ್ತು 1828ರ ಚರ್ಚಾಕೂಟ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿದೆ. ಡೆರೋಜಿಯೊ ತರಗತಿಯಲ್ಲಿ ಚರ್ಚೆಯ ಮೂಲಕವೇ ಪಾಠ ಮಾಡಿದರು, ಮಾಣಿಕ್‌ತಲಾದ ತೋಟದ ಮನೆಯಲ್ಲಿ ನಡೆದ ಅಸೋಸಿಯೇಷನ್ ಸಭೆಗಳು ಆ ತರಗತಿಯ ಮುಂದುವರಿಕೆ ಎಂಬುದು ಈ ವಾಡಿಕೆಯ ಸಾರ. ಇದಕ್ಕೆ ಆಧಾರವಾಗಿರುವುದು ಬಹುಮಟ್ಟಿಗೆ ಥಾಮಸ್ ಎಡ್ವರ್ಡ್ಸ್ 1884ರಲ್ಲಿ ಪ್ರಕಟಿಸಿದ ಡೆರೋಜಿಯೊ ಜೀವನಚರಿತ್ರೆ. ಅದರಲ್ಲಿ ಅಸೋಸಿಯೇಷನ್ನಿನ ಚರ್ಚಾವಿಷಯಗಳ ಒಂದು ಪಟ್ಟಿಯಿದೆ. ಇಚ್ಛಾಸ್ವಾತಂತ್ರ್ಯ, ವಿಧಿ, ಶ್ರದ್ಧೆ, ಸತ್ಯದ ಪಾವಿತ್ರ್ಯ, ದೇಶಪ್ರೇಮ, ವಿಗ್ರಹಾರಾಧನೆಯ ಪೊಳ್ಳುತನ ಮುಂತಾದವುಗಳ ಜೊತೆಗೆ ದೇವರ ಅಸ್ತಿತ್ವದ ಪರ ಮತ್ತು ವಿರೋಧ ವಾದಗಳೂ ಅಲ್ಲಿ ಸೇರಿವೆ. ಒಂದು ಕಡೆ ಹ್ಯೂಮ್, ಇನ್ನೊಂದು ಕಡೆ ಸ್ಕಾಟಿಷ್ ತಾತ್ತ್ವಿಕರಾದ ರೀಡ್, ಡ್ಯೂಗಾಲ್ಡ್ ಸ್ಟೂಅರ್ಟ್ ಮತ್ತು ಬ್ರೌನ್ ಎಂದು ಎಡ್ವರ್ಡ್ಸ್ ಪಕ್ಷಗಳನ್ನೂ ಹೆಸರಿಸುತ್ತಾರೆ. ಡೆರೋಜಿಯೊ ಶಿಷ್ಯರ ಗುಂಪಾದ ಯಂಗ್ ಬೆಂಗಾಲ್ ಕುರಿತ ಬರಹಗಳು ಈ ಪಟ್ಟಿಯನ್ನು ನಡಾವಳಿ ಪುಸ್ತಕದ ಪ್ರತಿಯೆಂಬಂತೆ ಬಳಸುತ್ತ ಬಂದಿವೆ.

ಪಟ್ಟಿ ನಡಾವಳಿಯಲ್ಲ, ಸಭೆಗಳು ನಡೆದು ಅರ್ಧ ಶತಮಾನ ಕಳೆದ ಮೇಲೆ ಸೇರಿದ್ದು. ಅದಕ್ಕಿಂತ ಹಿಂದಿನ ಎರಡು ದಾಖಲೆಗಳ ಜೊತೆ ಇಟ್ಟು ನೋಡಿದರೆ ಅದರ ಹೊಲಿಗೆ ಕಾಣುತ್ತದೆ.

ಮೊದಲನೆಯದು 1831ರ ಏಪ್ರಿಲ್ 26ರಂದು ಡೆರೋಜಿಯೊ ಕಾಲೇಜಿನ ಆಡಳಿತ ಸಮಿತಿಯ ಎಚ್. ಎಚ್. ವಿಲ್ಸನ್ ಅವರಿಗೆ ಬರೆದ ಉತ್ತರ. ದೇವರನ್ನು ನಂಬುತ್ತೀರಾ, ತಂದೆತಾಯಿಗಳಿಗೆ ವಿಧೇಯತೆ ನೈತಿಕ ಕರ್ತವ್ಯವಲ್ಲವೆಂದು ಹೇಳಿದ್ದೀರಾ, ಅಣ್ಣತಂಗಿಯರ ವಿವಾಹ ತಪ್ಪಲ್ಲವೆಂದು ಬೋಧಿಸಿದ್ದೀರಾ ಎಂಬ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಅದು. ಮೊದಲ ಪ್ರಶ್ನೆಗೆ ಅವರ ಸಮರ್ಥನೆ ಹೀಗಿದೆ: ಕ್ಲಿಯಾಂಥಿಸ್ ಮತ್ತು ಫೈಲೊ ನಡುವಿನ ಹ್ಯೂಮ್‌ನ ಸಂವಾದದ ತಿರುಳನ್ನು ಕೆಲವು ವಿದ್ಯಾರ್ಥಿಗಳಿಗೆ ಪರಿಚಯಿಸಿದ್ದು ನಿಜ, ಅದಕ್ಕೆ ರೀಡ್ ಮತ್ತು ಸ್ಟೂಅರ್ಟ್ ಕೊಟ್ಟ ಉತ್ತರಗಳನ್ನೂ ಒದಗಿಸಿದ್ದುಂಟು. ಇಲ್ಲಿ ಬ್ರೌನ್ ಇಲ್ಲ. ಎರಡನೆಯ ದಾಖಲೆ ಸ್ಕಾಟಿಷ್ ಮಿಷನರಿ ಅಲೆಕ್ಸಾಂಡರ್ ಡಫ್ 1839ರಲ್ಲಿ ಪ್ರಕಟಿಸಿದ, ಭಾರತದಲ್ಲಿ ಕ್ರೈಸ್ತ ಮಿಷನ್ ಕೆಲಸವನ್ನು ಕುರಿತ ಗ್ರಂಥ. ಕಲ್ಕತ್ತೆಯ ಚರ್ಚಾಕೂಟಗಳಲ್ಲಿ ತತ್ತ್ವಶಾಸ್ತ್ರದ ಮಾತು ಬಂದಾಗ ಲಾಕ್, ರೀಡ್, ಸ್ಟೂಅರ್ಟ್, ಬ್ರೌನ್ ಇವರನ್ನು ಉಲ್ಲೇಖಿಸುತ್ತಿದ್ದರೆಂದು ಡಫ್ ಹೇಳುತ್ತಾರೆ. ಇಲ್ಲಿ ಬ್ರೌನ್ ಇದ್ದಾರೆ. ಆದರೆ ಹ್ಯೂಮ್‌ಗೆ ಎದುರಾಳಿಯಾಗಿ ಅಲ್ಲ. ಹ್ಯೂಮ್ ಬರುವುದು ಧರ್ಮದ ವಿಷಯದಲ್ಲಿ, ಥಾಮಸ್ ಪೇನ್ ಜೊತೆಗೆ.

ಪತ್ರದ ಎದುರುಬದುರು ರಚನೆಯನ್ನೂ ಡಫ್ ಕೊಟ್ಟ ಹೆಸರುಗಳ ಸಾಲನ್ನೂ ಸೇರಿಸಿದರೆ ಎಡ್ವರ್ಡ್ಸ್ ಅವರ ವಾಕ್ಯ ತಾನಾಗಿಯೇ ಸಿದ್ಧವಾಗುತ್ತದೆ. ಈ ಮೂವರು ಸ್ಕಾಟಿಷ್ ತಾತ್ತ್ವಿಕರನ್ನು ಒಟ್ಟಿಗೆ ಹೇಳುವುದು ಆ ಕಾಲದ ರೂಢಿ, ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂಬ ಆಕ್ಷೇಪ ಸಾಧ್ಯವಿದೆ. ರೂಢಿಯೆಂಬುದು ನಿಜವೇ, ಆದರೆ ಆಕ್ಷೇಪ ಎಡ್ವರ್ಡ್ಸ್ ಅವರಿಗೆ ನೆರವಾಗದು. ಕಾರ್ಯಕಾರಣದ ವಿಷಯದಲ್ಲಿ ಬ್ರೌನ್ ಹ್ಯೂಮ್‌ನ ನಿಲುವನ್ನು ಬಹಳಷ್ಟು ಒಪ್ಪಿದವರು. ಅದರಿಂದ ಧರ್ಮಕ್ಕೆ ಹಾನಿಯಿಲ್ಲವೆಂದು ವಾದಿಸಿದವರು. ರೀಡ್ ಅವರನ್ನು ಟೀಕಿಸಿದವರು. ಅವರನ್ನು ರೀಡ್ ಪಕ್ಕದಲ್ಲಿ ಹ್ಯೂಮ್‌ಗೆ ಎದುರಾಗಿ ಸುಮ್ಮನೆ ನಿಲ್ಲಿಸುವುದು ಪುಸ್ತಕ ಓದಿ ವಾದಿಸಿದವರ ನೆನಪಿಗಿಂತ ಹೆಸರುಗಳನ್ನು ಜೋಡಿಸಿದವರ ಕೆಲಸದಂತೆ ತೋರುತ್ತದೆ. ಪಟ್ಟಿಯ ಉಳಿದ ವಿಷಯಗಳೆಲ್ಲ ಕಲ್ಪಿತವೆಂದು ಇದರಿಂದ ಹೇಳಲಾಗದು. ಈ ಒಂದು ಸಾಲನ್ನು ಸ್ವತಂತ್ರ ಸಾಕ್ಷ್ಯವೆಂದು ಎಣಿಸುವಂತಿಲ್ಲ, ಅಷ್ಟೆ. (ಡೆರೋಜಿಯೊ ಪತ್ರ ಎಡ್ವರ್ಡ್ಸ್ ಪುಸ್ತಕದಲ್ಲೇ ಇದೆ. ಪಟ್ಟಿಯನ್ನು ಮತ್ತೆ ಮತ್ತೆ ಎತ್ತಿಕೊಂಡವರು ಹಾಳೆ ತಿರುವಿ ಎರಡನ್ನೂ ಹೋಲಿಸುವ ತೊಂದರೆ ತೆಗೆದುಕೊಂಡಂತಿಲ್ಲ.)

ಇಷ್ಟು ಒಪ್ಪಿದರೆ ಪತ್ರವನ್ನೂ ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ. ಅದು ವಿಚಾರಸ್ವಾತಂತ್ರ್ಯದ ಘೋಷಣೆಯೆಂದು ಪ್ರಸಿದ್ಧವಾಗಿದೆ. ಬೋಧನೆಯ ದಾಖಲೆಯಾಗಿ ನೋಡಿದರೆ ಅದು ಹೇಳುವುದು ಕಡಿಮೆ, ಆದರೆ ಖಚಿತ. ಅಧ್ಯಾಪಕ ಎರಡೂ ಪಕ್ಷಗಳ ಬರಹವನ್ನು ಮುಂದಿಟ್ಟಿದ್ದಾರೆ, ಒಂದೇ ಪಕ್ಷಕ್ಕೆ ಅಂಟಿಕೊಳ್ಳುವುದು ಸತ್ಯಕ್ಕೆ ಸಲ್ಲದೆಂದು ವಾದಿಸಿದ್ದಾರೆ. ವಿದ್ಯಾರ್ಥಿಗಳು ಎದ್ದುನಿಂತು ಪರಸ್ಪರ ವಾದಿಸಿದರೆಂದು ಅಲ್ಲಿಲ್ಲ. ಆ ಕೆಲಸ ಅಸೋಸಿಯೇಷನ್ನಿನಲ್ಲಿ ನಡೆಯುತ್ತಿತ್ತು. ಡೇವಿಡ್ ಹೇರ್ ಮತ್ತು ಸುಪ್ರೀಂ ಕೋರ್ಟಿನ ಎಡ್ವರ್ಡ್ ರಯಾನ್ ಅಂಥವರು ಅಲ್ಲಿ ಬಂದು ಕೂರುತ್ತಿದ್ದರು. ತರಗತಿ ಎರಡು ಪಕ್ಷಗಳ ಓದನ್ನು ಒದಗಿಸಿತು, ಕೂಟ ಅದಕ್ಕೆ ಮಾತು ಕೊಟ್ಟಿತು ಎಂಬಷ್ಟನ್ನು ಮಾತ್ರ ಆಕರಗಳು ಹೊರಬಲ್ಲವು. ಹತ್ತೊಂಬತ್ತನೆಯ ಶತಮಾನದ ತರಗತಿಯೊಳಗೆ ಇಂದಿನ ಚರ್ಚಾಸ್ಪರ್ಧೆಯನ್ನು ಕೂರಿಸುವುದು ಉತ್ಸಾಹದ ಕೆಲಸ.

ಭಾಷೆಯ ಕಲಿಕೆಗೆ ನಿಜವಾಗಿ ಸಂಬಂಧಿಸಿದ ಸಾಕ್ಷ್ಯ ಇರುವುದು ಡಫ್ ಅವರಲ್ಲಿ. ಆ ಸಾಲುಗಳನ್ನು ಎಲ್ಲರೂ ನಾಸ್ತಿಕತೆಯ ಪ್ರಮಾಣವಾಗಿ ಓದಿದ್ದಾರೆ. ಇತಿಹಾಸದ ವಿಷಯವಾದರೆ ರಾಬರ್ಟ್‌ಸನ್ ಮತ್ತು ಗಿಬ್ಬನ್, ರಾಜಕೀಯವಾದರೆ ಆಡಂ ಸ್ಮಿತ್ ಮತ್ತು ಬೆಂಥಮ್, ವಿಜ್ಞಾನವಾದರೆ ನ್ಯೂಟನ್ ಮತ್ತು ಡೇವಿ; ನಡುನಡುವೆ ಬೈರನ್ ಮತ್ತು ವಾಲ್ಟರ್ ಸ್ಕಾಟ್ ಪದ್ಯಗಳು, ಒಮ್ಮೊಮ್ಮೆ ಬರ್ನ್ಸ್‌ನ ಸ್ಕಾಟಿಷ್ ಸಾಲುಗಳು. ಡಫ್ ಕಲ್ಕತ್ತೆಗೆ ಬಂದದ್ದು 1830ರ ಮೇ ತಿಂಗಳಲ್ಲಿ. ಆದ್ದರಿಂದ ಅವರ ಸಾಕ್ಷ್ಯ ಕೂಟಗಳು ಹೆಚ್ಚಿದ ಕಾಲದ್ದು, 1828ರ ಆರಂಭದ್ದಲ್ಲ. ಬೈಬಲ್ ಇಲ್ಲದ ಇಂಗ್ಲಿಷ್ ಶಿಕ್ಷಣ ಅಪಾಯಕಾರಿಯೆಂದು ಸ್ಕಾಟ್ಲೆಂಡಿನ ಓದುಗರಿಗೆ ಮನಗಾಣಿಸುವುದು ಅವರ ಉದ್ದೇಶವಾಗಿದ್ದರಿಂದ, ಹ್ಯೂಮ್ ಮತ್ತು ಪೇನ್ ಹೆಸರುಗಳಿಗೆ ಸಿಕ್ಕ ಒತ್ತನ್ನು ತುಸು ಕಳೆದೇ ನೋಡಬೇಕು. ಡೇವಿಯನ್ನೋ ರಾಬರ್ಟ್‌ಸನ್ನನ್ನೋ ಸೇರಿಸುವುದರಿಂದ ಆ ಉದ್ದೇಶಕ್ಕೆ ಲಾಭವಿಲ್ಲ. ಅವು ಹೆಚ್ಚು ನಂಬಲರ್ಹ. ಬರ್ನ್ಸ್ ವಿಷಯ ನಡುವಿನದು: ಸ್ಕಾಟಿಷ್ ಓದುಗರನ್ನು ಮೆಚ್ಚಿಸುವ ಆಸೆಯೂ ಇದ್ದೀತು. ಆದರೆ ಡೆರೋಜಿಯೊ ಕಲಿತದ್ದು ಸ್ಕಾಟ್ಲೆಂಡಿನವರೇ ಆದ ಡೇವಿಡ್ ಡ್ರಮಂಡ್ ಅವರ ಧರ್ಮತಲಾ ಅಕಾಡೆಮಿಯಲ್ಲಿ. ಬರ್ನ್ಸ್ ಆ ದಾರಿಯಲ್ಲಿ ಬಂದಿರುವುದು ಅಸಂಭವವಲ್ಲ.

ಈ ಹೆಸರುಗಳ ಸಾಲಿನಿಂದ ಕೂಟದ ಇಂಗ್ಲಿಷ್ ಎಂಥದ್ದೆಂದು ತಿಳಿಯುತ್ತದೆ. ಅದು ಉಲ್ಲೇಖದ ಇಂಗ್ಲಿಷ್. ವಾದಕ್ಕೆ ಬಲ ಬರುತ್ತಿದ್ದುದು ಗ್ರಂಥಕರ್ತನ ಹೆಸರಿನಿಂದ, ಕಂಠಪಾಠದ ಸಾಲಿನಿಂದ. ಗುರುವೂ ಇದಕ್ಕೆ ಹೊರತಲ್ಲ: ವಿಲ್ಸನ್‌ಗೆ ಬರೆದ ಸಮರ್ಥನೆಯಲ್ಲಿ, ಸೆನೆಟ್ಟಿನ ಮುಂದೆ ನಿಂತ ಒಥೆಲೊನ ಮಾತನ್ನು ಡೆರೋಜಿಯೊ ಸರಾಗವಾಗಿ ತಮ್ಮದಾಗಿಸಿಕೊಳ್ಳುತ್ತಾರೆ. ಬಾಯಿಪಾಠ ಮತ್ತು ಚರ್ಚೆ ಪರಸ್ಪರ ವಿರುದ್ಧ ವಿಧಾನಗಳೆಂಬ ಶಿಕ್ಷಣಶಾಸ್ತ್ರದ ಪುಸ್ತಕಗಳ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ಬಾಯಿಪಾಠವಾಗಿದ್ದ ಸಾಲನ್ನು ಎದುರಾಳಿಯ ಮಾತಿಗೆ ಹೊಂದಿಸಿ, ಸಮಯ ನೋಡಿ ಹೊರತೆಗೆಯುವ ಅಭ್ಯಾಸವನ್ನು ಕೂಟ ಕಲಿಸಿತು. ಕೃಷ್ಣಮೋಹನ ಬ್ಯಾನರ್ಜಿ, ರಸಿಕಕೃಷ್ಣ ಮಲ್ಲಿಕ್, ರಾಮಗೋಪಾಲ ಘೋಷ್ ಪಳಗಿದ್ದು ಇಲ್ಲೇ. ಆದರೆ ಇವರೆಲ್ಲ ಇಂಗ್ಲಿಷಿನಲ್ಲಿ ಆಗಲೇ ಮುಂದಿದ್ದವರು. ಕೆಳತರಗತಿಯವರ ಭಾಷೆಗೆ ಕೂಟದಿಂದ ಏನಾಯಿತೆಂಬುದಕ್ಕೆ ಇವರನ್ನು ಉದಾಹರಣೆಯಾಗಿ ಕೊಡುವುದು ಸರಿಯಲ್ಲ.

ಆಡಳಿತ ಸಮಿತಿಯ ನಿಲುವನ್ನೂ ಚರ್ಚಾವಿರೋಧವೆಂದು ಸಾರಾಸಗಟಾಗಿ ಬರೆಯಲಾಗಿದೆ. 1830ರಲ್ಲಿ ಡಫ್ ಮತ್ತು ಅವರ ಜೊತೆಗಾರರು ಏರ್ಪಡಿಸಿದ ಉಪನ್ಯಾಸಗಳ ಬೆನ್ನಲ್ಲೇ ಬಂದ ಆಜ್ಞೆ ನಿಷೇಧಿಸಿದ್ದು ರಾಜಕೀಯ ಮತ್ತು ಧಾರ್ಮಿಕ ಚರ್ಚೆ ನಡೆಯುವ ಸಭೆಗಳಿಗೆ ವಿದ್ಯಾರ್ಥಿಗಳು ಹೋಗುವುದನ್ನು. ಸಾಹಿತ್ಯವನ್ನು ಕುರಿತು ವಾದಿಸುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. 1831ರ ಏಪ್ರಿಲ್‌ನಲ್ಲಿ ಡೆರೋಜಿಯೊ ಕೆಲಸ ಬಿಡಬೇಕಾಯಿತು. ಅದೇ ಡಿಸೆಂಬರ್ 26ರಂದು ಕಾಲರಾದಿಂದ ತೀರಿಕೊಂಡರು.

ಮುಂದೆ ಕೂಟದ ಭಾಷೆಯೇ ಬದಲಾಗತೊಡಗಿತು. 1832ರ ಕೊನೆಯಲ್ಲಿ ದೇವೇಂದ್ರನಾಥ ಠಾಕೂರ್ ಕಾರ್ಯದರ್ಶಿಯಾಗಿ ಆರಂಭವಾದ ಸರ್ವತತ್ತ್ವದೀಪಿಕಾ ಸಭೆ ಬಂಗಾಳಿಯಲ್ಲಲ್ಲದೆ ಬೇರೆ ಭಾಷೆಯಲ್ಲಿ ಮಾತಾಡಬಾರದೆಂದು ನಿಯಮ ಮಾಡಿಕೊಂಡಿತು. ಡೆರೋಜಿಯೊ ಶಿಷ್ಯರೇ 1838ರಲ್ಲಿ ಸ್ಥಾಪಿಸಿದ ಸಾಮಾನ್ಯ ಜ್ಞಾನಾರ್ಜನ ಸಭೆಯಲ್ಲಿ ಪ್ರಬಂಧಗಳನ್ನು ಇಂಗ್ಲಿಷ್ ಇಲ್ಲವೇ ಬಂಗಾಳಿಯಲ್ಲಿ ಓದಬಹುದಾಗಿತ್ತು. 1843ರಲ್ಲಿ ಕಂಪನಿಯ ನ್ಯಾಯಾಲಯ ಮತ್ತು ಪೊಲೀಸರ ಮೇಲೆ ದಕ್ಷಿಣಾರಂಜನ ಮುಖರ್ಜಿ ಪ್ರಬಂಧ ಓದುತ್ತಿದ್ದಾಗ ಕಾಲೇಜಿನ ಡಿ. ಎಲ್. ರಿಚರ್ಡ್‌ಸನ್ ಅದನ್ನು ರಾಜದ್ರೋಹವೆಂದು ತಡೆದರು. ಅಧ್ಯಕ್ಷ ತಾರಾಚಂದ ಚಕ್ರವರ್ತಿ ಆ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಅವರನ್ನೇ ಕೇಳಿದರು. ಕಾಲೇಜಿನ ಸಾಹಿತ್ಯಾಧ್ಯಾಪಕರು ಆ ಸಭೆಯಲ್ಲಿ ಗುರುವಾಗಿ ಕೂತಿರಲಿಲ್ಲ. ಅವರೊಬ್ಬ ಅತಿಥಿ, ಸಭಾನಿಯಮ ಅವರಿಗೂ ಅನ್ವಯಿಸುತ್ತಿತ್ತು.