ಕೈವಾರ ತಾತಯ್ಯನವರ ರಚನೆಗಳಲ್ಲಿ ಆತ್ಮಜ್ಞಾನ, ಸರಳತೆ ಮತ್ತು ತೃಪ್ತಿ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿಗೆ ಸೇರಿದ ಕೈವಾರದಲ್ಲಿ 1726ರಲ್ಲಿ ಜನಿಸಿ, 1836ರಲ್ಲಿ ಅದೇ ಊರಿನಲ್ಲಿ ಜೀವಸಮಾಧಿ ಹೊಂದಿದರೆಂದು ಪರಂಪರೆ ನಂಬಿಕೊಂಡು ಬಂದಿರುವ ಯೋಗಿನಾರೇಯಣ ಯತೀಂದ್ರರು ಕರ್ನಾಟಕದ ಮೂಡಣ ಸೀಮೆಯ ತತ್ವಪದ ಸಾಹಿತ್ಯದಲ್ಲಿ ಬಹು ದೊಡ್ಡ ಹೆಸರು. ಜನರು ಕೈವಾರ ತಾತಯ್ಯನವರೆಂದೇ ಕರೆಯುವ ಇವರು ಶತಕ, ಕೀರ್ತನೆ ಮತ್ತು ಕಾಲಜ್ಞಾನಗಳನ್ನು, ಹೆಚ್ಚಿನ ಪಾಲು ತೆಲುಗಿನಲ್ಲಿಯೂ ಉಳಿದುದನ್ನು ಕನ್ನಡದಲ್ಲಿಯೂ ರಚಿಸಿದ್ದಾರೆ. ತತ್ವಪದವೆಂದರೆ ಗುರುವಿನಿಂದ ಪಡೆದ ಅನುಭವದ ತಿಳಿವನ್ನು ಪಲ್ಲವಿ ಮತ್ತು ನುಡಿಗಳಿರುವ ಹಾಡಿನ ರೂಪದಲ್ಲಿ ಹೇಳುವ, ಕೊನೆಯ ನುಡಿಯಲ್ಲಿ ಕವಿಯ ಅಥವಾ ಗುರುವಿನ ಅಂಕಿತವನ್ನು ಹೊಂದಿರುವ, ಓದಿಗಿಂತ ಹಾಡಿಕೆಯಿಂದಲೇ ಉಳಿದು ಬಂದ ರಚನೆ. ತಾತಯ್ಯನವರ ಹೆಸರು ಬಂದಾಗ ಸಾಮಾನ್ಯರು ಮೊದಲು ನೆನೆಯುವುದು ಮುಂಬರುವ ಕಾಲವನ್ನು ನುಡಿಯುವ ಅವರ ಕಾಲಜ್ಞಾನವನ್ನು. ಆದರೆ ಅವರ ಸಾಧನೆಯ ತಿರುಳು ಕೀರ್ತನೆ ಮತ್ತು ಶತಕಗಳಲ್ಲಿದೆ, ಮತ್ತು ಅಲ್ಲಿ ಆತ್ಮಜ್ಞಾನವು ದುಡಿದು ಬದುಕುವ ಮನುಷ್ಯನ ಕೈಗೂ ಎಟುಕುವ ಒಂದು ಶಿಸ್ತಾಗಿ ರೂಪುಗೊಂಡಿದೆ ಎಂಬುದು ಈ ಲೇಖನದ ವಾದ.

ಈ ಕವಿಯ ಭಾಷೆಯನ್ನು ಅರಿಯಲು ಮೊದಲು ಅವರ ನೆಲವನ್ನು ನೋಡಬೇಕು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಗಳ ಹಳ್ಳಿಗರು ಮನೆಯಲ್ಲಿ ತೆಲುಗನ್ನೂ ಸಂತೆ, ಶಾಲೆ, ಕಚೇರಿಗಳಲ್ಲಿ ಕನ್ನಡವನ್ನೂ ಆಡುವುದು ಇಂದಿಗೂ ಸಾಮಾನ್ಯ ಸಂಗತಿ. ಇದು ಗಡಿರೇಖೆ ಎಳೆದ ಮೇಲೆ ಹುಟ್ಟಿದ ಸ್ಥಿತಿಯಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟದಲ್ಲಿ, ಅಂದರೆ ಅಂದಿನ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ, ಕನ್ನಡ, ತೆಲುಗು ಮತ್ತು ತಮಿಳು ಶಾಸನಗಳು ಒಂದೇ ನೆಲದಿಂದ ಒಟ್ಟಿಗೆ ಬಂದಿವೆ. ತಾತಯ್ಯನವರು ಎರಡು ಭಾಷೆಗಳಲ್ಲಿ ಹಾಡಿದ್ದು ಪಾಂಡಿತ್ಯದ ಪ್ರದರ್ಶನಕ್ಕಾಗಿ ಅಲ್ಲ; ಕೇಳುವವರು ಇದ್ದದ್ದೇ ಹಾಗೆ. ಅವರ ತೆಲುಗು ಕೀರ್ತನೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿ, ಕನ್ನಡದಲ್ಲಿ ಅರ್ಥ ಬರೆದು ಓದುವ ರೂಢಿಯೂ ಈ ಸ್ಥಿತಿಯಿಂದಲೇ ಬಂದದ್ದು. ಸಾಹಿತ್ಯ ಚರಿತ್ರೆಗಳಿಗೆ ಮಾತ್ರ ಇದು ತೊಡಕಾಗಿದೆ: ತೆಲುಗಿನ ಚರಿತ್ರೆಕಾರರಿಗೆ ಇವರು ಕರ್ನಾಟಕದವರು, ಕನ್ನಡದ ಚರಿತ್ರೆಕಾರರಿಗೆ ತೆಲುಗು ಕವಿ. ಇದೇ ಕಾಲದಲ್ಲಿ ತಮಿಳುನಾಡಿನ ತಿರುವೈಯಾರಿನಲ್ಲಿದ್ದು ತೆಲುಗಿನಲ್ಲಿ ಹಾಡಿದ ತ್ಯಾಗರಾಜರಿಗೆ (1767–1847) ಸಂಗೀತದ ಪಾಠಪರಂಪರೆಯೊಂದು ಆಸರೆಯಾಯಿತು. ತಾತಯ್ಯನವರಿಗೆ ಆ ಆಸರೆ ಸಿಕ್ಕಿದ್ದು ಹಳ್ಳಿಯ ಭಜನೆ ಮೇಳಗಳಿಂದ.

ಅವರ ಬದುಕಿನ ಬಗ್ಗೆ ಉಳಿದಿರುವುದು ಬಹುಪಾಲು ಐತಿಹ್ಯ. ಕೊಂಡಪ್ಪ ಮತ್ತು ಮುದ್ದಮ್ಮ ಎಂಬ ಬಲಿಜ ದಂಪತಿಗಳ ಮಗನಾಗಿ ಹುಟ್ಟಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು, ಮುನಿಯಮ್ಮ ಎಂಬುವರನ್ನು ಮದುವೆಯಾಗಿ ಮಕ್ಕಳನ್ನು ಪಡೆದು, ಬಳೆಯ ಮಲಾರವನ್ನು (ಬಳೆಗಾರರು ಬಳೆಗಳನ್ನು ಪೋಣಿಸಿ ಹೊತ್ತೊಯ್ಯುವ ಹೊರೆಯನ್ನು) ಹೆಗಲಿಗೇರಿಸಿ ಊರೂರು ತಿರುಗಿದರೆಂದೂ, ವ್ಯಾಪಾರದ ಲೆಕ್ಕ ಕೈಹತ್ತದೆ ಮನೆಯಲ್ಲಿ ಅಸಮಾಧಾನ ಬೆಳೆಯಿತೆಂದೂ ಆ ಕಥನ ಹೇಳುತ್ತದೆ. ಬಳಿಕ ಪರದೇಶಿಸ್ವಾಮಿ ಎಂಬ ಗುರುವಿನಿಂದ ಅಷ್ಟಾಕ್ಷರಿಯ, ಎಂದರೆ ನಾರಾಯಣನ ಎಂಟು ಅಕ್ಷರಗಳ ಮಂತ್ರದ, ಉಪದೇಶವಾಗುತ್ತದೆ. ಗುರುವು ಒಂದು ಬೆಣಚುಕಲ್ಲನ್ನು ಕೊಟ್ಟು, ಅದನ್ನು ಬಾಯಲ್ಲಿಟ್ಟುಕೊಂಡು ಕಲ್ಲುಸಕ್ಕರೆಯಾಗುವ ತನಕ ಮಂತ್ರವನ್ನು ಜಪಿಸುವಂತೆ ಹೇಳಿದರೆಂದೂ, ಶಿಷ್ಯರು ಕೈವಾರದ ಬೆಟ್ಟದ ನರಸಿಂಹ ಗುಹೆಯಲ್ಲಿ ಕುಳಿತು ಅದನ್ನು ಸಾಧಿಸಿದರೆಂದೂ ಭಕ್ತರು ಹೇಳುತ್ತಾರೆ.

ಈ ಕಥೆಯನ್ನು ಪವಾಡವೆಂದು ಒಪ್ಪುವುದು ಅಥವಾ ತಳ್ಳಿಹಾಕುವುದು ಎರಡೂ ಸಾಹಿತ್ಯದ ವಿದ್ಯಾರ್ಥಿಗೆ ಹೆಚ್ಚು ಪ್ರಯೋಜನದ ಕೆಲಸವಲ್ಲ. ಕಥೆಯೊಳಗೆ ಸಾಧನೆಯ ಒಂದು ಸ್ಪಷ್ಟ ವಿವೇಚನೆ ಅಡಗಿದೆಯೆಂಬುದನ್ನು ಗಮನಿಸಬೇಕು. ಇಲ್ಲಿ ಗುರುವು ಶಾಸ್ತ್ರವನ್ನು ಓದಿಸುವುದಿಲ್ಲ, ದೇವರನ್ನು ತೋರಿಸುವುದಿಲ್ಲ, ಹೆಂಡತಿ ಮಕ್ಕಳನ್ನು ಬಿಡು ಎನ್ನುವುದಿಲ್ಲ. ಮಾಡುತ್ತಲೇ ಇರಬೇಕಾದ ಒಂದು ಕೆಲಸವನ್ನು ಮಾತ್ರ ಕೊಡುತ್ತಾನೆ. ಬಾಯಲ್ಲಿ ಕಲ್ಲಿರುವವನು ಹೆಚ್ಚು ಮಾತನಾಡಲಾರ, ರುಚಿಯ ಹಿಂದೆ ಓಡಲಾರ. ಸಿಹಿಯು ಹೊರಗಿನಿಂದ ಬರುವುದಿಲ್ಲ, ನಾಲಿಗೆಯ ಮೇಲಿರುವುದೇ ಸಿಹಿಯಾಗಬೇಕು. ತಾತಯ್ಯನವರ ಕೀರ್ತನೆಗಳಲ್ಲಿ ತೃಪ್ತಿಗೆ ಇರುವ ಅರ್ಥವೂ ಇದೇ. ಬಡವನಿಗೆ ಇದ್ದುದರಲ್ಲೇ ಸುಖಪಡು ಎಂದು ಉಳ್ಳವರು ಹೇಳುವ ಸಮಾಧಾನದ ಮಾತಿಗೂ ಇದಕ್ಕೂ ಬಹಳ ಅಂತರವಿದೆ. ಆ ಸಮಾಧಾನವು ಹೊರಗಿನ ಸ್ಥಿತಿಯನ್ನು ಒಪ್ಪಿಕೊಳ್ಳುವಂತೆ ಮಾಡುತ್ತದೆ. ತಾತಯ್ಯನವರ ತೃಪ್ತಿಯಾದರೋ ಅಭ್ಯಾಸದಿಂದ ಒಳಗೆ ಪಕ್ವವಾಗುವ ಸ್ಥಿತಿಯಾದುದರಿಂದ ಹುಸಿ ಗುರುಗಳನ್ನು, ಬರಿಯ ವೇಷದ ಸನ್ಯಾಸವನ್ನು, ಹುಟ್ಟಿನ ಹಮ್ಮನ್ನು ಎದುರಿಸಿ ನಿಲ್ಲುವ ಧೈರ್ಯವನ್ನೂ ಕೊಡುತ್ತದೆ.

ಆತ್ಮಜ್ಞಾನದ ಈ ಮಾರ್ಗವನ್ನು ಅವರು ವಿವರಿಸುವುದು ರಾಜಯೋಗದ ಪರಿಭಾಷೆಯಲ್ಲಿ. ಬೆನ್ನುಹುರಿಯ ಬುಡದಿಂದ ಹುಬ್ಬುಗಳ ನಡುವಿನವರೆಗೆ ಕಲ್ಪಿಸಿಕೊಳ್ಳುವ ಆರು ಚಕ್ರಗಳು, ಎಡಬಲದಲ್ಲಿ ಉಸಿರು ಹರಿಯುವ ಇಡಾ ಮತ್ತು ಪಿಂಗಳಾ ನಾಡಿಗಳು, ಅವೆರಡೂ ಸಮಗೊಂಡಾಗ ತೆರೆಯುವ ಸುಷುಮ್ನೆ, ಆಗ ಕೇಳಿಬರುವ, ಯಾವ ವಾದ್ಯದಿಂದಲೂ ಹುಟ್ಟದ ಅನಾಹತ ನಾದ ಇವು ನಾಥಪಂಥದಿಂದ ಹಿಡಿದು ಶರಣರು, ಅವಧೂತರು, ಸೂಫಿಗಳವರೆಗೆ ಕರ್ನಾಟಕದ ಅನುಭಾವಿಗಳು ಹಂಚಿಕೊಂಡ ಶಬ್ದಸಂಪತ್ತು. ತಾತಯ್ಯನವರ ಪ್ರಸಿದ್ಧ ಅಂಕಿತಗಳಲ್ಲಿ ಒಂದು ಕೈವಾರದ ಅಮರನಾರೇಯಣಸ್ವಾಮಿಯ ಹೆಸರು, ಇನ್ನೊಂದು ನಾದಬ್ರಹ್ಮಾನಂದ ಎಂಬ ವಿಶೇಷಣದೊಡನೆ ಬರುವ ಅವರ ಸ್ವಂತ ಹೆಸರು. ಮೊದಲನೆಯದು ಊರಿನ ಗುಡಿಯಲ್ಲಿ ಎಲ್ಲರೂ ಕೈಮುಗಿಯುವ ಸಾಕಾರ ಮೂರ್ತಿಯನ್ನು ಸೂಚಿಸಿದರೆ, ಎರಡನೆಯದು ರೂಪವಿಲ್ಲದ ನಾದವನ್ನು ಸೂಚಿಸುತ್ತದೆ. ಭಕ್ತಿ ಮತ್ತು ಯೋಗ, ಸಗುಣ ಮತ್ತು ನಿರ್ಗುಣ ಎಂದು ವಿದ್ವಾಂಸರು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವ ಎರಡು ದಾರಿಗಳನ್ನು ಈ ಕವಿ ಒಂದೇ ಬದುಕಿನಲ್ಲಿ ನಡೆದರು. ನಾರಾಯಣನ ಮಂತ್ರವೇ ಉಸಿರಿನ ಲಯವಾಗಿ, ಆ ಲಯವೇ ನಾದದಲ್ಲಿ ಮನಸ್ಸನ್ನು ನಿಲ್ಲಿಸುವ ನಾದಾನುಸಂಧಾನವಾಗುವ ಕಾರಣ ಅವರಿಗೆ ಇವೆರಡರ ನಡುವೆ ಆಯ್ಕೆ ಮಾಡುವ ಪ್ರಮೇಯವೇ ಬರಲಿಲ್ಲ.

ಶತಕಗಳಲ್ಲಿ ಇದೇ ವಿಚಾರ ಬೇರೊಂದು ಹದದಲ್ಲಿ ಬರುತ್ತದೆ. ಶತಕವೆಂದರೆ ನೂರರ ಆಸುಪಾಸಿನ ಬಿಡಿ ಪದ್ಯಗಳ ಗುಚ್ಛ. ಒಂದೇ ಸಂಬೋಧನೆ ಮಕುಟವಾಗಿ ಪದ್ಯದ ಕೊನೆಯಲ್ಲಿ ಮರಳಿ ಮರಳಿ ಬಂದು ಬಿಡಿ ಪದ್ಯಗಳನ್ನು ಒಂದು ಎಳೆಗೆ ತರುತ್ತದೆ. ಅಮರನಾರೇಯಣ ಶತಕ, ಬ್ರಹ್ಮಾಂಡಪುರಿ ಶತಕಗಳು ಈ ಬಗೆಯವು. ಈ ಎರಡನೆಯ ಹೆಸರು ನೆನಪಿಸುವಂತೆ, ಬ್ರಹ್ಮಾಂಡವೆಲ್ಲವೂ ಪಿಂಡವಾದ ಈ ದೇಹದಲ್ಲಿಯೇ ಇದೆ ಎಂಬುದು ಯೋಗಪರಂಪರೆಯ ಮೂಲ ನಂಬಿಕೆಗಳಲ್ಲಿ ಒಂದು. ಒಂಬತ್ತು ಬಾಗಿಲುಗಳ ಪಟ್ಟಣವಾಗಿ ದೇಹವನ್ನು ನೋಡುವ ಕಲ್ಪನೆಯು ಭಗವದ್ಗೀತೆಯಲ್ಲಿಯೂ ಇದೆ. ಆದರೆ ಹದಿನೆಂಟನೆಯ ಶತಮಾನದ ಕೈವಾರದಂಥ ಊರಿನ ಕೇಳುಗನಿಗೆ ಪಟ್ಟಣ, ಕೋಟೆ, ಬಾಗಿಲು, ಕಾವಲು, ಸುಂಕ ಇವು ವೇದಾಂತದ ಉಪಮೆಗಳಾಗುವ ಮೊದಲೇ ಕಣ್ಣೆದುರಿನ ವಾಸ್ತವಗಳಾಗಿದ್ದವು. ಚಿಕ್ಕಬಳ್ಳಾಪುರದ ಪಾಳೆಯಗಾರರ ಆಳ್ವಿಕೆ, ಮರಾಠರ ದಂಡಯಾತ್ರೆಗಳು, ಹೈದರಾಲಿಯ ಏಳಿಗೆ ಎಲ್ಲವೂ ಈ ಕವಿಯ ಆಯುಷ್ಯದೊಳಗೆ ಆಗಿಹೋದವು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲೀಸನ ಬ್ರಿಟಿಷ್ ಸೈನ್ಯಕ್ಕೆ ಇದೇ ಸೀಮೆಯ ನಂದಿದುರ್ಗ ಸೋತಿತು. 1799ರಲ್ಲಿ ಟಿಪ್ಪು ಸುಲ್ತಾನನ ಅಂತ್ಯವಾಯಿತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿತು. ಅಭೇದ್ಯವೆನಿಸಿದ ಕೋಟೆಗಳು ಕೈ ಬದಲಾಯಿಸುವುದನ್ನು ಕಂಡ ಜನಕ್ಕೆ, ಯಾವ ದಂಡೂ ಮುತ್ತಲಾರದ ಪುರವೊಂದು ತಮ್ಮೊಳಗೇ ಇದೆಯೆಂಬ ಮಾತು ಒಣ ತತ್ವವಾಗಿ ಕೇಳಿಸಿರಲಾರದು. ತೃಪ್ತಿಯ ಹಾಡು ಇಂಥ ಕಾಲದಲ್ಲಿ ಹುಟ್ಟಿತೆಂಬುದನ್ನು ಮರೆತರೆ ಅದು ಸುಭಾಷಿತವಾಗಿ ಮಾತ್ರ ಕಾಣುತ್ತದೆ.

ಕಾಲಜ್ಞಾನದ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಿಕೊಳ್ಳಬಹುದು. ಮುಂದೆ ಬರುವ ಕಾಲದ ಏರುಪೇರುಗಳನ್ನು ಸೂಚಿಸುವ ಈ ಪ್ರಕಾರ ಕನ್ನಡದಲ್ಲಿ ವೀರಶೈವ ಪರಂಪರೆಯಲ್ಲಿಯೂ, ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಹೆಸರಿನಲ್ಲಿಯೂ ಪ್ರಸಿದ್ಧವಾಗಿದೆ. ವೀರಬ್ರಹ್ಮೇಂದ್ರರು ಬಾಲ್ಯವನ್ನು ಕಳೆದರೆಂದು ಹೇಳುವ ಪಾಪಾಗ್ನಿ ಮಠವನ್ನು ಪರಂಪರೆ ಗುರುತಿಸುವುದು ಇದೇ ಚಿಕ್ಕಬಳ್ಳಾಪುರ ಸೀಮೆಯಲ್ಲಿ. ಹೀಗಾಗಿ ತಾತಯ್ಯನವರಿಗೆ ಈ ಪ್ರಕಾರ ದೂರದ್ದಾಗಿರಲಿಲ್ಲ. ಕಾಲಜ್ಞಾನದಲ್ಲಿ ಕವಿಯು ತನ್ನ ಕಾಲದ ಅನ್ಯಾಯ ಮತ್ತು ಅಸ್ಥಿರತೆಗಳ ಮೇಲೆ ಕೊಟ್ಟ ನೈತಿಕ ತೀರ್ಪನ್ನು ಓದಬೇಕೇ ಹೊರತು ಪ್ರತಿ ಹೊಸ ಘಟನೆಗೂ ಒಂದು ಸಾಲನ್ನು ಹೊಂದಿಸುವ ಹವ್ಯಾಸವನ್ನು ಬೆಳೆಸಬಾರದು. ಆ ಹವ್ಯಾಸ ಕವಿಯನ್ನು ಜೋಯಿಸನನ್ನಾಗಿ ಇಳಿಸುತ್ತದೆ, ನಾಳೆಯ ಕುತೂಹಲದಲ್ಲಿ ಇಂದಿನ ಸಾಧನೆಯನ್ನು ಮರೆಸುತ್ತದೆ.

ಸರಳತೆಯ ಮಾತಿಗೆ ಬಂದರೆ, ತೆಲುಗು ಕವಿ ವೇಮನನ ಹೋಲಿಕೆ ತಾನಾಗಿಯೇ ಮುಂದೆ ಬರುತ್ತದೆ. ಬ್ರಿಟಿಷ್ ಅಧಿಕಾರಿ ಸಿ. ಪಿ. ಬ್ರೌನ್ ಅವರು ವೇಮನನ ಪದ್ಯಗಳನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ತಂದದ್ದು 1829ರಲ್ಲಿ, ತಾತಯ್ಯನವರು ಇನ್ನೂ ಬದುಕಿದ್ದಾಗ. ವೇಮನನ ಆಟವೆಲದಿ ಛಂದಸ್ಸಿನ ಪದ್ಯ ಒಂದು ಹೊಡೆತಕ್ಕೆ ಹೇಳಿ ಮುಗಿಸುತ್ತದೆ, ಅದರ ಬಲ ಅದರ ಕಿಡಿಯಲ್ಲಿದೆ. ನಮ್ಮ ಸರ್ವಜ್ಞನ ತ್ರಿಪದಿಯೂ ಅಂಥದೇ. ಕೀರ್ತನೆಯ ಸರಳತೆ ಇನ್ನೊಂದು ಬಗೆಯದು. ಅಲ್ಲಿ ಪಲ್ಲವಿಯ ಮಾತು ಪ್ರತಿ ನುಡಿಯಾದ ಮೇಲೂ ಮರಳಿ ಬರುತ್ತದೆ, ಮುಂದಾಳು ಹಾಡಿದ್ದನ್ನು ಮೇಳದವರು ಹಿಂದಿನಿಂದ ಹಾಡುತ್ತಾರೆ, ಹತ್ತಾರು ಸಲ ಬಾಯಲ್ಲಿ ಆಡಿದ ಮೇಲೆ ಮಾತಿನ ಅರ್ಥ ಹಾಡುವವನಲ್ಲಿ ಇಳಿಯುತ್ತದೆ. ಅಕ್ಷರ ಬಾರದವನಿಗೂ ಷಟ್ಚಕ್ರಗಳ ಹೆಸರು ತಿಳಿದಿರುವುದು ಹೀಗೆ. ತಾತಯ್ಯನವರ ನುಡಿಗಟ್ಟು ಸರಳವಾಗಿರುವುದಕ್ಕೆ ವಿಚಾರ ತೆಳುವಾಗಿರುವುದು ಕಾರಣವಲ್ಲ. ಗುಂಪಿನ ಬಾಯಿಗೆ ಒಗ್ಗದ ಮಾತನ್ನು ಈ ಪ್ರಕಾರವು ತಾನೇ ಕಳಚಿಹಾಕುತ್ತದೆ. ಈ ಅರ್ಥದಲ್ಲಿ ಅವರಿಗೆ ಹತ್ತಿರದವರು ಧಾರವಾಡ ಸೀಮೆಯ ಶಿಶುನಾಳ ಶರೀಫರು (1819–1889). ಆದರೆ ಶರೀಫರು ಸೋರುವ ಮನೆಯಂಥ ಬೆಡಗಿನ ಚಿತ್ರಗಳಲ್ಲಿ ಅರ್ಥವನ್ನು ಮರೆಮಾಡಿ ಕೇಳುಗನನ್ನು ತಡೆದು ನಿಲ್ಲಿಸಿದರೆ, ತಾತಯ್ಯನವರು ಬಹುಮಟ್ಟಿಗೆ ನೇರವಾಗಿ ಎಚ್ಚರಿಸುತ್ತಾರೆ. ಕಾವ್ಯದ ಚಮತ್ಕಾರದ ದೃಷ್ಟಿಯಿಂದ ಶರೀಫರದೇ ಮೇಲುಗೈ ಎಂದು ಒಪ್ಪಬೇಕು; ಸಾಧಕನನ್ನು ಕೈಹಿಡಿದು ಮೆಟ್ಟಿಲು ಮೆಟ್ಟಿಲಾಗಿ ನಡೆಸುವ ತಾಳ್ಮೆಯಲ್ಲಿ ತಾತಯ್ಯನವರು ಹಿರಿಯರು.

ಈ ಹಾಡುಗಳು ಉಳಿದದ್ದು ಎಲ್ಲಿ ಎಂಬುದನ್ನೂ ಹೇಳಬೇಕು. ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯ ಹಳ್ಳಿಗಳ ಭಜನೆ ಮಂದಿರಗಳಲ್ಲಿ ಏಕತಾರಿ, ತಾಳ, ಹಾರ್ಮೋನಿಯಂಗಳೊಡನೆ, ಹಗಲೆಲ್ಲ ಹೊಲದಲ್ಲಿಯೋ ರೇಷ್ಮೆ ಹುಳುವಿನ ಮನೆಯಲ್ಲಿಯೋ ದುಡಿದವರು ರಾತ್ರಿ ಕುಳಿತು ಹಾಡುತ್ತಾರೆ. ಸಾವಿನ ಮನೆಯಲ್ಲಿ ಬೆಳಗಿನವರೆಗೆ ತತ್ವ ಹಾಡುವ ಪದ್ಧತಿಯೂ ಇದೆ. ಕೈವಾರದ ಯೋಗಿನಾರೇಯಣ ಮಠದ ಏಳಿಗೆಯಲ್ಲಿ ಶಿಕ್ಷಣ ಸಂಸ್ಥೆಗಳ ಸ್ಥಾಪಕ ಎಂ. ಎಸ್. ರಾಮಯ್ಯನವರ ಪಾತ್ರ ದೊಡ್ಡದು. ಅಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ ಮೂರು ದಿನ ಎಡೆಬಿಡದೆ ನಡೆಯುವ ಸಂಗೀತೋತ್ಸವಕ್ಕೆ ನಾಡಿನ ಹೆಸರಾಂತ ಕಲಾವಿದರೂ ಹಳ್ಳಿಯ ಭಜನೆ ತಂಡಗಳೂ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ರಾಜ್ಯ ಸರ್ಕಾರವೂ ಅವರ ಜಯಂತಿಯನ್ನು ಆಚರಿಸುತ್ತಿದೆ. ಈ ಗೌರವ ಸಲ್ಲಬೇಕಾದದ್ದೇ. ಆದರೂ ಜಯಂತಿಯ ಭಾಷಣಗಳಲ್ಲಿ ಅವರು ಒಂದು ಸಮುದಾಯದ ಕುಲಗುರುವಾಗಿಯೋ ಪವಾಡಪುರುಷರಾಗಿಯೋ ಮಾತ್ರ ಕಾಣಿಸಿಕೊಳ್ಳುವುದು, ಹುಟ್ಟಿನ ಹಮ್ಮನ್ನು ಕಳೆಯಲೆಂದೇ ಹಾಡಿದ ಕವಿಗೆ ಮಾಡುವ ನ್ಯಾಯವಲ್ಲ.

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ಪ್ರಕಟಿಸಿದ ತತ್ವಪದ ಸಂಪುಟಮಾಲೆಯೂ, ರಹಮತ್ ತರೀಕೆರೆಯವರು ನಾಥಪಂಥ ಮತ್ತು ಸೂಫಿಗಳ ಬಗ್ಗೆ ನಡೆಸಿದ ಕ್ಷೇತ್ರಕಾರ್ಯವೂ ಈ ಸಾಹಿತ್ಯವನ್ನು ಓದುವ ಬಗೆಯನ್ನೇ ಬದಲಿಸಿವೆ. ಆ ಬೆಳಕಿನಲ್ಲಿ ತಾತಯ್ಯನವರ ತೆಲುಗು ಮತ್ತು ಕನ್ನಡ ರಚನೆಗಳನ್ನು ಒಂದೇ ಕವಿಯ ಒಂದೇ ಕೃತಿಸಮುದಾಯವೆಂದು ಪರಿಗಣಿಸಿ, ಅಚ್ಚಾದ ಪಾಠಗಳ ಪಕ್ಕದಲ್ಲಿ ಭಜನೆ ಮೇಳಗಳ ಬಾಯಿಪಾಠಗಳನ್ನು ಧ್ವನಿಮುದ್ರಣಸಹಿತವಾಗಿ ಇಟ್ಟು, ಪಾಠಭೇದಗಳನ್ನು ಗುರುತಿಸಿದ ಶಾಸ್ತ್ರೀಯ ಸಂಪಾದನೆಯೊಂದು ಸಿದ್ಧವಾಗಬೇಕು. ಈ ಕೆಲಸಕ್ಕೆ ಎರಡೂ ಭಾಷೆ ಬಲ್ಲ ಸಂಶೋಧಕರು ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕಾಲೇಜುಗಳಲ್ಲಿಯೇ ದೊರೆಯುತ್ತಾರೆ. ಹಳೆಯ ಮಟ್ಟುಗಳನ್ನು ಬಲ್ಲ ಹಾಡುಗಾರರು ವಯಸ್ಸಾದವರಾದುದರಿಂದ, ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ಮೊದಲು ಕೈಗೊಳ್ಳಬೇಕಾದದ್ದು ಧ್ವನಿಮುದ್ರಣದ ಕೆಲಸವನ್ನು.