4474 ಎಂಬ ಚುಕ್ಕೆ

ಕ್ಯಾಮೆರಾ ಮುಂದೆ ಓಡಾಡುವ ಜನರನ್ನು ಹಿಂಬಾಲಿಸುವ ಪ್ರೋಗ್ರಾಂ ಬರೆಯೋದು ನನ್ನ ಹೊಟ್ಟೆಪಾಡು. ಒಬ್ಬೊಬ್ಬರಿಗೂ ಒಂದು ನಂಬರು. ಮೊನ್ನೆ ಇಬ್ಬರು ಎದುರುಬದುರಾಗಿ ದಾಟಿದ್ದೇ ತಡ, 3 ಇದ್ದವನು 7 ಆದ, 7 ಇದ್ದವಳು 3! ಎಲ್ಲರೂ ನಕ್ಕೆವು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ, ಹಿಂದೆಂದೋ ಓದಿದ್ದ 1988ರ ಜುಲೈ 3ರ ಕಥೆ ನೆನಪಾಗಿ ನಗು ನಿಂತುಹೋಯ್ತು.

ಇದನ್ನ ನಮ್ಮ ಕಸುಬಿನವರು ಡೇಟಾ ಅಸೋಸಿಯೇಷನ್ ಅಂತಾರೆ. ರೇಡಾರ್ ಪ್ರತಿ ಸಲವೂ ಒಂದಷ್ಟು ಚುಕ್ಕೆ ಕೊಡುತ್ತೆ, ಅಷ್ಟೆ. ಯಾವ ಚುಕ್ಕೆ ಯಾವ ಹಳೇ ಜಾಡಿನದು ಅನ್ನೋದು ನಮ್ಮ ತಲೆನೋವು. ಐದು ಚುಕ್ಕೆಗಳನ್ನು ಐದು ಜಾಡುಗಳಿಗೆ ಜೋಡಿಸಲು 120 ದಾರಿ. ಹತ್ತಕ್ಕೆ 36 ಲಕ್ಷ ದಾಟುತ್ತೆ. ಅದಕ್ಕೇ ಜಾಡಿನ ಸುತ್ತ ಒಂದು ‘ಗೇಟ್’ ಹಾಕಿ, ಒಳಗೆ ಬಿದ್ದದ್ದನ್ನು ಮಾತ್ರ ನೋಡುತ್ತೇವೆ. ಈಗಲೇ ತೀರ್ಮಾನ ಬೇಡ, ಹಲವು ಊಹೆಗಳನ್ನು ಜೊತೆಗಿಟ್ಟುಕೊಂಡು ಕಾಯೋಣ ಎನ್ನುವ ವಿಧಾನವನ್ನು ಡೊನಾಲ್ಡ್ ರೀಡ್ 1979ರಲ್ಲೇ ಬರೆದಿದ್ದ. ಕಾಯಲು ಪುರುಸೊತ್ತಿದ್ದರೆ ಸರಿ...

ಅವತ್ತು ಹೋರ್ಮುಜ್ ಜಲಸಂಧಿಯಲ್ಲಿ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್‌ಗೆ ಪುರುಸೊತ್ತಿರಲಿಲ್ಲ. ಇರಾನಿನ ದೋಣಿಗಳ ಜೊತೆ ಗುಂಡಿನ ಕಾಳಗ ನಡೆದಿತ್ತು. ಅಷ್ಟರಲ್ಲಿ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655 ರೇಡಾರಿಗೆ ಬಿತ್ತು. ನೌಕೆಯ ಏಜಿಸ್ ವ್ಯವಸ್ಥೆ ಅದಕ್ಕೆ 4474 ಎಂದು ನಂಬರು ಕೊಟ್ಟಿತು. ಹತ್ತಿರದ ಸೈಡ್ಸ್ ನೌಕೆ ಅದೇ ವಿಮಾನಕ್ಕೆ 4131 ಎಂದಿತ್ತು. ಎರಡೂ ಒಂದೇ ಎಂದು ಯಂತ್ರ ಸರಿಯಾಗಿಯೇ ಗುರುತಿಸಿ 4131 ಉಳಿಸಿಕೊಂಡಿತು. ಖಾಲಿಯಾದ 4474 ಮಾತ್ರ ಎಲ್ಲೋ ದೂರದಲ್ಲಿದ್ದ ಅಮೆರಿಕದ್ದೇ ಇನ್ನೊಂದು ವಿಮಾನಕ್ಕೆ ಹೋಯಿತು! ಕ್ಯಾಪ್ಟನ್ 4474ರ ಬಗ್ಗೆಯೇ ಕೇಳಿದ, ‘ಕೆಳಗಿಳಿಯುತ್ತಿದೆ’ ಎಂಬ ಉತ್ತರ ಆ ಬೇರೆ ವಿಮಾನದ್ದು ಅಂತ ನಂತರದ ಕೆಲವು ವಿಶ್ಲೇಷಣೆಗಳು ಹೇಳುತ್ತವೆ.

ಸಾಲದ್ದಕ್ಕೆ, ಗುರುತಿನ ಸಂಕೇತ ಓದುವ ಗೇಟನ್ನು ವಿಮಾನದ ಜೊತೆ ಸರಿಸದೆ ಬಂದರ್ ಅಬ್ಬಾಸ್ ಮೇಲೆಯೇ ಬಿಟ್ಟಿದ್ದರು. ಆ ನಿಲ್ದಾಣದಲ್ಲಿ ಸೇನಾ ವಿಮಾನಗಳೂ ಇದ್ದವು. ಅಲ್ಲಿನ ಸಂಕೇತವೇ ಏರ್‌ಬಸ್‌ನ ಲೆಕ್ಕಕ್ಕೆ ಸೇರಿರಬೇಕು.

ಎರಡು ಕ್ಷಿಪಣಿ. 290 ಜನ, ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು.

ಏಜಿಸ್‌ನ ಟೇಪುಗಳಲ್ಲಿ ಎಲ್ಲವೂ ಸರಿಯಾಗಿತ್ತು: ವಿಮಾನ ಮೇಲೇರುತ್ತಿತ್ತು, ನಾಗರಿಕ ಸಂಕೇತವನ್ನೇ ಕಳಿಸುತ್ತಿತ್ತು. ಸಿಬ್ಬಂದಿ ಒತ್ತಡದಲ್ಲಿ ತಪ್ಪಾಗಿ ಓದಿದರು ಅಂತ ತನಿಖೆ ಹೇಳಿತು. ಇರಬಹುದು. ಆದರೆ ಬಳಸಿದ ನಂಬರನ್ನು ನಿಮಿಷಗಳಲ್ಲೇ ಇನ್ನೊಂದಕ್ಕೆ ಅಂಟಿಸುವ ವ್ಯವಸ್ಥೆ ಮಾಡಿದ್ದು ನಮ್ಮಂಥ ಇಂಜಿನಿಯರುಗಳೇ ತಾನೆ?

ಬೆಳಿಗ್ಗೆ ಹೋಗಿ ನನ್ನ ಕೋಡ್ ತೆಗೆದು ನೋಡಿದೆ. ಖಾಲಿಯಾದ ನಂಬರನ್ನು ಮುಂದಿನವರಿಗೆ ಕೊಡುವ ಸಾಲು ಅದರಲ್ಲೂ ಇತ್ತು. ಬರೆದವನು ನಾನೇ. ಅಳಿಸಿದೆ.