ಮನೆಯ ಮಡಕೆ, ಅರಸನ ಅಪ್ಪಣೆ



ರಾಜಾಜಿನಗರಕ್ಕೆ ಆ ಹೆಸರು ಹೇಗೆ ಬಂತೆಂಬುದು ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಈ ಕೈಗಾರಿಕಾ ಉಪನಗರಕ್ಕೆ ಚಾಲನೆ ನೀಡಿದರು. ಇದೇ ರಾಜಾಜಿಯವರು 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದವರು. ಹೆಂಡದ ಆದಾಯ ನಿಂತಾಗ ಬೊಕ್ಕಸ ತುಂಬಿಸಲು 1939ರಲ್ಲಿ ಮಾರಾಟ ತೆರಿಗೆಯನ್ನು ತಂದವರೂ ಅವರೇ. ಮದ್ಯದ ಚರಿತ್ರೆಯಲ್ಲಿ ನೀತಿಯೂ ಬೊಕ್ಕಸವೂ ಹೇಗೆ ಜೊತೆಜೊತೆಯಾಗಿ ನಡೆಯುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಈಗ ಇನ್ನೊಂದು ಸಂಗತಿ. ವಿಜಯನಗರ, ಬಸವೇಶ್ವರನಗರಗಳಿಂದ ಬ್ರಿಟನ್ನಿಗೋ ಅಮೆರಿಕಕ್ಕೋ ಹೋಗಿ ನೆಲೆಸಿದವರು ಅಲ್ಲಿನ ಅಂಗಡಿಗಳಲ್ಲಿ ಒಂದು ಪೆಟ್ಟಿಗೆಯನ್ನು ಕಾಣುತ್ತಾರೆ. ಅದರಲ್ಲಿ ಬಾರ್ಲಿಯ ಮೊಳಕೆಯಿಂದ ತೆಗೆದ ಗಟ್ಟಿ ಪಾಕವೂ ಒಂದು ಪೊಟ್ಟಣ ಯೀಸ್ಟೂ ಇರುತ್ತವೆ. ಪಾಕಕ್ಕೆ ನೀರು ಬೆರೆಸಿ, ಯೀಸ್ಟ್ ಉದುರಿಸಿ ಇಟ್ಟರೆ ಬಿಯರ್ ಆಗುತ್ತದೆ. ಕೆಲವರು ಸಕ್ಕರೆಯ ಬದಲು ಜೇನುತುಪ್ಪ ಸೇರಿಸುತ್ತಾರೆ. ಬ್ರಿಟನ್ನಿನಲ್ಲಿ 1963ರಿಂದ ಇದಕ್ಕೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾಯಿದೆ ಇದನ್ನು ಒಪ್ಪಿತು. ನಮ್ಮಲ್ಲಿ ಮಾತ್ರ ಇದು ಅಪರಾಧ. ಹೀಗೇಕೆ? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕೋಣ.

ಮೊದಲು ಹುದುಗುವಿಕೆಯ ವಿಷಯ. ಜೇನಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಸಕ್ಕರೆ. ಆದರೂ ಅದು ಸೀಸೆಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ, ಏಕೆಂದರೆ ಅಷ್ಟು ಸಾಂದ್ರವಾದ ದ್ರವದಲ್ಲಿ ಯೀಸ್ಟ್ ಬೆಳೆಯಲಾರದು. ನೀರು ಬೆರೆತೊಡನೆ ಹುದುಗಲು ಆರಂಭಿಸುತ್ತದೆ. ಲಾಗರ್ ಎಂಬ ಬಗೆಯ ಬಿಯರಿಗೆ ತಂಪು ಬೇಕು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ದಾಸ್ತಾನು ಎಂದೇ ಅರ್ಥ. ಬವೇರಿಯಾದ ಜನ ಅದನ್ನು ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯ ಯಂತ್ರ ಬಂದ ಮೇಲೆ ಬಿಸಿ ನಾಡುಗಳಲ್ಲಿಯೂ ಇದು ಸಾಧ್ಯವಾಯಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದನು. ಪೆಟ್ಟಿಗೆಯೊಳಗಿನ ಪೊಟ್ಟಣದ ಹಿಂದೆ ಇಷ್ಟು ವಿಜ್ಞಾನವಿದೆ.

ಹಾಗಾದರೆ ಹುದುಗುವ ಪಾಕಕ್ಕೆ ಜೇನು ಸೇರಿಸುವುದು ಪಾಶ್ಚಾತ್ಯರ ಹೊಸ ಯುಕ್ತಿಯೇ? ಅಲ್ಲ. ಇದನ್ನು ತಿಳಿಯಲು ನಾವು ಮೈಸೂರಿಗೆ ಹೋಗಬೇಕು. 1905ರಲ್ಲಿ ಅಲ್ಲಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಗ್ರಂಥವೊಂದನ್ನು ಗುರುತಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿವೆ. ಇಂದಿನ ಅಬಕಾರಿ ಆಯುಕ್ತರ ಪೂರ್ವಜನೆಂದು ಅವನನ್ನು ಕರೆಯಬಹುದು. ಅಲ್ಲಿ ಆಸವ ಎಂಬ ಪಾನೀಯದ ವಿಧಾನವಿದೆ: ಒಂದು ತುಲ ಬೇಲದ ಹಣ್ಣು, ಐದು ತುಲ ಜೋನಿಬೆಲ್ಲದಂಥ ಕಬ್ಬಿನ ಪಾಕ, ಒಂದು ಪ್ರಸ್ಥ ಜೇನು. ಹುದುಗಿಸುವ ಪದಾರ್ಥವನ್ನು ಆ ಗ್ರಂಥ ಕಿಣ್ವ ಎನ್ನುತ್ತದೆ. ನಿಮ್ಮ ಜೀವಶಾಸ್ತ್ರದ ಪಠ್ಯದಲ್ಲಿರುವುದೂ ಇದೇ ಪದವಲ್ಲವೇ!

ಅದಕ್ಕಿಂತ ಸ್ವಾರಸ್ಯದ ವಿಧಿಯೊಂದಿದೆ. ಮದ್ಯದ ತಯಾರಿಕೆ, ಮಾರಾಟಗಳನ್ನು ಅಷ್ಟು ಬಿಗಿಯಾಗಿ ಹಿಡಿದ ಕೌಟಿಲ್ಯನು, ಸಂಸಾರಸ್ಥರು ಶುಭಕಾರ್ಯಗಳ ಸಂದರ್ಭದಲ್ಲಿ ಮನೆಯಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅವಕಾಶ ಕೊಡುತ್ತಾನೆ. ಅರಸನ ಹಕ್ಕು ಮಾರುಕಟ್ಟೆಯ ಮೇಲೆ ಪೂರ್ಣವಾಗಿತ್ತು. ಮನೆಯ ಮಡಕೆಯ ಮಟ್ಟಿಗೆ ಒಂದಿಷ್ಟು ಸಡಿಲಿಕೆಯಿತ್ತು.

ಶಾಮಶಾಸ್ತ್ರಿಗಳ ಅನುವಾದ ಬಂದ 1915ರಲ್ಲಿಯೇ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. 1809ರಿಂದ ದಂಡು ನೆಲೆಸಿದ್ದ ಬೆಂಗಳೂರಿನಲ್ಲಿ ಗೋರಾ ಸಿಪಾಯಿಗಳೇ ಬಿಯರಿನ ಮುಖ್ಯ ಗಿರಾಕಿಗಳು. ಬ್ರಿಟಿಷರ ಕಾಲದಲ್ಲಿ ತಯಾರಿಕೆ ಪರವಾನಗಿ ಪಡೆದವನ ಕೈ ಸೇರಿತು. ಊರಿನ ಮಡಕೆ ಕಾನೂನಿನ ಕಣ್ಣಿಗೆ ಕಳ್ಳಭಟ್ಟಿಯಾಯಿತು. ಸ್ವಾತಂತ್ರ್ಯ ಬಂದ ಮೇಲೂ ಈ ಏರ್ಪಾಡು ಉಳಿಯಿತು. ಸಂವಿಧಾನದ 47ನೆಯ ವಿಧಿಯು ಪಾನನಿಷೇಧದತ್ತ ಸಾಗಬೇಕೆಂದು ಹೇಳುತ್ತದೆ. ಅಬಕಾರಿ ಸುಂಕವಾದರೋ ರಾಜ್ಯದ ದೊಡ್ಡ ಆದಾಯಗಳಲ್ಲಿ ಒಂದು. ಕರ್ನಾಟಕ ಅಬಕಾರಿ ಕಾಯಿದೆ 1965ರದು. ಅದರಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ನನಗಾಗಿ ಮಾತ್ರ ಮಾಡಿಕೊಂಡೆ ಎಂಬ ಸಬೂಬು ನಡೆಯದು.

ಇದು ಬರಿಯ ಸುಂಕದ ಆಸೆ ಎಂದು ನೀವು ತೀರ್ಮಾನಿಸುವ ಮೊದಲು 1981ರ ಜುಲೈ ತಿಂಗಳನ್ನು ನೆನೆಯಬೇಕು. ಆಗ ಬೆಂಗಳೂರಿನಲ್ಲಿ ವಿಷಮಿಶ್ರಿತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು. ಕೊಂದದ್ದು ಮೀಥೈಲ್ ಆಲ್ಕೋಹಾಲ್, ಅಂದರೆ ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಧಾನ್ಯವೋ ಜೇನೋ ಹುದುಗಿದ ಮಾತ್ರಕ್ಕೆ ಆ ವಿಷ ಕೊಲ್ಲುವ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಅದನ್ನು ಬೆರೆಸುವುದು ಹಣದಾಸೆಯ ಮನುಷ್ಯ. ಆದರೆ ಕುಡಿಯುವವನಿಗೆ ಬಣ್ಣದಿಂದಾಗಲಿ ರುಚಿಯಿಂದಾಗಲಿ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಯಾರು ಮಾಡಿದರು, ಯಾರು ಪರೀಕ್ಷಿಸಿದರು ಎಂಬುದು ಪ್ರಾಣದ ಪ್ರಶ್ನೆಯಾಗುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಷೇಧವಾಯಿತು.

ಮಿತ್ರರೇ, ಮನೆಯಲ್ಲಿ ಬಿಯರ್ ತಯಾರಿಸಬಾರದೆಂಬ ಒಂದೇ ಕಟ್ಟಳೆಯ ಹಿಂದೆ ಮೂರು ಕಾರಣಗಳಿವೆ: ಬೊಕ್ಕಸದ ಆದಾಯ, ಸಮಾಜದ ನೀತಿ, ಜನರ ಪ್ರಾಣರಕ್ಷಣೆ. ಕೌಟಿಲ್ಯನ ಕಾಲದಿಂದ ಇಂದಿನವರೆಗೆ ಇವುಗಳಲ್ಲಿ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಮೇಲುಗೈ ಪಡೆದಿದೆ. ಕಾಯಿದೆಯನ್ನು ಪಾಲಿಸುವುದು ನಾಗರಿಕನ ಕರ್ತವ್ಯ; ಅದರೊಳಗೆ ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗಿ ನೋಡುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.